ಹನ್ನೆರಡು ನಿಮಿಷದೊಳಗಿನವರು

ದರ್ಜಿಯ ಅಂಗಡಿ ಹತ್ತಿರವಾಗುತ್ತಿದ್ದಂತೆ ಅವನ ಕೈ ತಾನಾಗಿಯೇ ಕಾರಿನೊಳಗಿನ ಕನ್ನಡಿಯತ್ತ ಹೋಯಿತು. ಕನ್ನಡಿ ನೆಟ್ಟಗೇ ಇತ್ತು. ಎರಡು ವರ್ಷದಿಂದ ದಿನಾ ಇದೇ ಜಾಗದಲ್ಲಿ ಅದನ್ನು ಒಂದಿಷ್ಟು ಎಡಕ್ಕೆ, ಒಂದಿಷ್ಟು ಬಲಕ್ಕೆ ತಿರುಗಿಸಿ ಮೊದಲಿದ್ದ ಹಾಗೆಯೇ ತಂದಿಡುತ್ತಿದ್ದ. ಅಷ್ಟರಲ್ಲಿ ಅಂಗಡಿ ಹಿಂದಾಗುತ್ತಿತ್ತು, ಅಂಗಡಿಯ ಮೇಲಿನ ಬಾಲ್ಕನಿ ಹಿಂದಾಗುತ್ತಿತ್ತು, ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು ಕೂತಿರುತ್ತಿದ್ದ ಅಕ್ಕನೂ ಹಿಂದಾಗುತ್ತಿದ್ದಳು. ನೋಡಲಿಲ್ಲ ಎನ್ನುವುದಕ್ಕೆ ಕೈಗೊಂದು ಕೆಲಸ ಬೇಕು. ಸುಮ್ಮನೆ ನೋಡದೆ ಹೋಗುವ ಧೈರ್ಯ ಅವನಿಗಿರಲಿಲ್ಲ. ಇವತ್ತು ಮಾತ್ರ ಮುಂದಿನ ವ್ಯಾನು ಕಾಲೇಜಿನ ಹಿಂದಿನ ಗೇಟಿನ ಸಾಲಿಗೆ ಸಿಕ್ಕಿ ನಿಂತುಬಿಟ್ಟಿತು. ಅದರ ಹಿಂದೆ ಅವನೂ ನಿಂತ, ಸರಿಯಾಗಿ ಬಾಲ್ಕನಿಯ ಕೆಳಗೆ. ಕನ್ನಡಿಯನ್ನು ಎಷ್ಟು ಹೊತ್ತು ತಾನೇ ತಿರುಗಿಸುವುದು? ವ್ಯಾನಿನ ನಂಬರ್ ಫಲಕವನ್ನು ಓದಿದ, ತಿರುಗಿಸಿ ಓದಿದ, ಅದರ ಅಂಕಿಗಳನ್ನು ಕೂಡಿಸಿದ. ಇಪ್ಪತ್ತಮೂರು. ಪಕ್ಕದಲ್ಲಿ ಕೂತಿದ್ದ ಮಗಳು ಗಾಜಿಗೆ ಹಣೆಯಿಟ್ಟು ಮೇಲೆ ನೋಡಿದಳು.

"ಅಪ್ಪಾ, ಅತ್ತೆ ಕೂತಿದಾರೆ. ಕೈ ಮಾಡಲಾ?"

"ಗಾಜು ಇಳಿಸಬೇಡ. ಹೊಗೆ ಬರುತ್ತೆ."

"ಗಾಜು ಇಳಿಸದೇನೂ ಕೈ ಮಾಡಬಹುದು." ಅವಳು ಕೈ ಬೀಸಿದಳು. "ಅವರಿಗೆ ಕಾಣಿಸಲಿಲ್ಲ ಅನ್ಸುತ್ತೆ. ತಲೆ ತಗ್ಗಿಸಿ ಏನೋ ಬರೀತಿದಾರೆ. ದಿನಾ ಅವರ ಕೈಲಿ ಒಂದು ಪುಸ್ತಕ ಇರುತ್ತಲ್ಲ, ಏನಪ್ಪಾ ಅದು?"

"ನಂಗೇನು ಗೊತ್ತು?"

ಗೊತ್ತಿತ್ತು. ಆ ಪುಸ್ತಕದ ನಕಲು ಒಂದು ವಾರದಿಂದ ಅವನ ಮೇಜಿನ ಕೆಳಗಿನ ಡ್ರಾಯರಿನಲ್ಲಿತ್ತು. ಮೊದಲ ಹಾಳೆಯ ಕೆಳಗೆ ಬರೆದಿದ್ದ ಒಟ್ಟು ಸಂಖ್ಯೆಯನ್ನು ನೋಡಿದ್ದೇ ತಡ, ಬಿಸಿ ಪಾತ್ರೆ ಮುಟ್ಟಿದವನಂತೆ ಅದನ್ನು ಒಳಗೆ ಹಾಕಿ ಮುಚ್ಚಿದ್ದ. ಸಾಲು ಸರಿಯಿತು. ಗೇಟಿನಲ್ಲಿ ರಸ್ತೆಗೆ ಅಡ್ಡಲಾಗಿ ಕೂರಿಸಿದ ಕಪ್ಪು ರಬ್ಬರ್ ಕೊಳವೆಯ ಮೇಲೆ ಮುಂದಿನ ಗಾಲಿ, ಹಿಂದಿನ ಗಾಲಿ ಹತ್ತಿ ಇಳಿದವು. ಗ್ರಂಥಾಲಯದ ಎದುರು ಮಗಳು ಇಳಿದಳು. ಅವನು ಕಾಲೇಜಿನ ಒಳರಸ್ತೆಯಲ್ಲೇ ಮುಂದೆ ಹೋಗಿ ದೊಡ್ಡ ರಸ್ತೆಯ ಕಡೆಯ ಗೇಟಿನಿಂದ ಹೊರಬಿದ್ದ. ಹನ್ನೊಂದು ಗಂಟೆಗೆ ನಗರಸಭೆಯಲ್ಲಿ ಸಭೆ ಇತ್ತು. ಆ ಸಭೆಗೆ ಅಕ್ಕನೂ ಬರುವವಳಿದ್ದಳು.

ಅವನ ಕೆಲಸ ವಾಹನ ಎಣಿಸುವುದು. ಹಾಗೆಂದರೆ ಜನ ನಗುತ್ತಾರೆಂದು ಸಂಚಾರದ ಅಂದಾಜು ಎಂದು ಹೇಳಿಕೊಳ್ಳುತ್ತಿದ್ದ. ಹಾಗೆಂದಾಗ ಜನ ನಗುತ್ತಿರಲಿಲ್ಲ, ಮಾತು ಬದಲಿಸುತ್ತಿದ್ದರು. ಇಪ್ಪತ್ತು ವರ್ಷದ ಹಿಂದೆ ಕಾಲೇಜು ಬೆಳೆಯಲು ಹೊರಟಾಗ ನಗರಸಭೆ ಒಂದು ಷರತ್ತಿನ ಮೇಲೆ ಪರವಾನಗಿ ಕೊಟ್ಟಿತ್ತು: ಕಟ್ಟಡ ಕಟ್ಟಿಕೊಳ್ಳಿ, ಆದರೆ ಬೆಳಗ್ಗೆ ಎಂಟರಿಂದ ಒಂಬತ್ತರವರೆಗೆ ಕಾಲೇಜಿಗೆ ಬರುವ ವಾಹನ ಸಾವಿರದ ನೂರೈವತ್ತನ್ನು ದಾಟಕೂಡದು. ದಾಟಿದ ವರ್ಷ ಒಂದು ಇಟ್ಟಿಗೆಯನ್ನೂ ಇಡುವ ಹಾಗಿಲ್ಲ. ವರ್ಷಕ್ಕೊಮ್ಮೆ ಐದು ದಿನ ಗಣತಿ. ಕಾಲೇಜು ಆ ಗಣತಿಯನ್ನು ಅವನ ಕಚೇರಿಗೆ ವಹಿಸಿತ್ತು, ಕಚೇರಿ ಅವನಿಗೆ ವಹಿಸಿತ್ತು; ಎಂಟು ವರ್ಷದಿಂದ ಆ ಕಾಲೇಜು ಎಷ್ಟು ದೊಡ್ಡದು ಎಂದು ಹೇಳುವವನು ಅವನೇ. ಗೇಟಿನ ರಬ್ಬರ್ ಕೊಳವೆ ತನ್ನ ಮೇಲೆ ಹತ್ತಿ ಇಳಿದ ಎಲ್ಲವನ್ನೂ ಎಣಿಸುತ್ತದೆ. ಆದರೆ ಎಲ್ಲವೂ ಕಾಲೇಜಿನದಲ್ಲವಲ್ಲ. ಹಿಂದಿನ ಬೀದಿಯಿಂದ ದೊಡ್ಡ ರಸ್ತೆಗೆ ಹೋಗಲು ಒಳದಾರಿಯೆಂದು ಕಾಲೇಜಿನ ನಡುವೆ ನುಗ್ಗುವವರೂ ಇದ್ದರು. ಅವರ ಪಾಪ ಕಾಲೇಜಿನ ತಲೆಗೇಕೆ? ಹಾಗಾಗಿ ಎರಡೂ ಗೇಟಿನಲ್ಲಿ ಕ್ಯಾಮೆರಾ ಇಟ್ಟು, ನಂಬರಿಗೆ ನಂಬರು ತಾಳೆ ಹಾಕಿ, ಒಂದು ಗೇಟಿನಲ್ಲಿ ಬಂದು ಎಂಟು ನಿಮಿಷದೊಳಗೆ ಇನ್ನೊಂದರಲ್ಲಿ ಹೋದ ವಾಹನಗಳನ್ನು 'ಹಾದುಹೋಗುವವು' ಎಂದು ಕಳೆಯುತ್ತಿದ್ದರು. ಈ ವರ್ಷ ಕೊಳವೆ ಸರಾಸರಿ ಸಾವಿರದ ಮುನ್ನೂರ ಹನ್ನೆರಡು ಎಂದಿತು. ಎಂಟು ನಿಮಿಷದವರನ್ನು ಕಳೆದರೂ ಸಾವಿರದ ನೂರ ತೊಂಬತ್ತನಾಲ್ಕು ಉಳಿಯಿತು. ನಲವತ್ತನಾಲ್ಕು ಹೆಚ್ಚು. ಕಾಲೇಜಿನವರ ಹೊಸ ವಿಜ್ಞಾನ ಕಟ್ಟಡದ ನಕ್ಷೆ ಆಗಲೇ ತಯಾರಾಗಿ ಗೋಡೆಗೆ ಚೌಕಟ್ಟು ಹಾಕಿಸಿಕೊಂಡು ಕೂತಿತ್ತು.

ಕಚೇರಿಯಲ್ಲಿ ಎಲ್ಲರೂ ದೊಡ್ಡವರು ಎಂದು ಕರೆಯುವ ಯಜಮಾನರು ಅವನನ್ನು ಕರೆದು, ಬಾಗಿಲು ಹಾಕಿಸಿ, ಬೆಲ್ಲ ಕರಗಿದ ಹಾಗೆ ಮಾತಾಡಿದ್ದರು. "ಎಂಟೇ ಯಾಕ್ರೀ? ಎಂಟು ಅಂತ ಯಾವ ಕಲ್ಲಿನ ಮೇಲೆ ಕೆತ್ತಿದಾರೆ? ಈಗ ರಸ್ತೆಗಳೆಲ್ಲ ನಿಧಾನ ಆಗಿದಾವೆ. ಹಾದುಹೋಗೋನೂ ಪಾಪ ನಿಧಾನವಾಗೇ ಹೋಗ್ತಾನೆ. ಸ್ವಲ್ಪ ಉದಾರವಾಗಿ ನೋಡಿ. ನಾನೇನು ಸುಳ್ಳು ಬರೀರಿ ಅಂತಿಲ್ಲ." ಅವರು ಯಾವತ್ತೂ ಸುಳ್ಳು ಬರೀರಿ ಅಂದವರಲ್ಲ, ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಜಾತಿ. ಅವನು ಉದಾರವಾಗಿ ನೋಡಿದ. ಒಂಬತ್ತು ನಿಮಿಷ ಮಾಡಿದ, ಸಾಲಲಿಲ್ಲ. ಹತ್ತು, ಹನ್ನೊಂದು. ಹನ್ನೆರಡಕ್ಕೆ ಸಾವಿರದ ನೂರ ನಲವತ್ತೊಂದು ಬಂತು, ಮಿತಿಗಿಂತ ಒಂಬತ್ತು ಕಡಿಮೆ. ಬಟ್ಟೆಗೆ ತಕ್ಕಂತೆ ದೇಹವನ್ನು ಕತ್ತರಿಸುವ ಈ ಕಸುಬಿನಲ್ಲಿ ಅವನ ಕೈ ಪಳಗಿತ್ತು. ಒಳದಾರಿ ಹಿಡಿದು ನಿಜವಾಗಿ ಹಾದುಹೋಗುವವನಿಗೆ ನಾಲ್ಕು ನಿಮಿಷ ಸಾಕು; ಆರರಿಂದ ಹನ್ನೆರಡು ನಿಮಿಷ ಹಿಡಿಯುವುದು ಮಗನನ್ನೋ ಮಗಳನ್ನೋ ಹೆಂಡತಿಯನ್ನೋ ಇಳಿಸಿ ಹೋಗುವವರಿಗೆ, ಎಂದರೆ ಕಾಲೇಜಿಗಾಗಿಯೇ ಬಂದವರಿಗೆ. ಇದು ಅವನಿಗೆ ಗೊತ್ತಿತ್ತು. ಹೇಗೆ ಗೊತ್ತಿತ್ತೆಂದರೆ, ಕಳೆಯಬೇಕಾದ ನಂಬರುಗಳ ಪಟ್ಟಿಯಲ್ಲಿ ಅವನ ಕಾರೂ ಇತ್ತು. ಸೋಮವಾರ ಎಂಟು ಹದಿಮೂರಕ್ಕೆ ಒಳಗೆ, ಎಂಟು ಹತ್ತೊಂಬತ್ತಕ್ಕೆ ಹೊರಗೆ. ಮಂಗಳವಾರವೂ ಹಾಗೆಯೇ. ಬುಧವಾರ ಕಾರು ಗ್ಯಾರೇಜಿನಲ್ಲಿತ್ತು, ಮಗಳು ಬಸ್ಸಿನಲ್ಲಿ ಹೋಗಿದ್ದಳು. ಗುರುವಾರ, ಶುಕ್ರವಾರ ಮತ್ತೆ ಅದೇ. ನಾಲ್ಕು ದಿನವೂ ತನ್ನ ನಂಬರಿನ ಮೇಲೆ ತಾನೇ ಕೆಂಪು ಗೆರೆ ಎಳೆದು ಕಳೆದುಹಾಕಿದ್ದ. ಆಗ ಒಬ್ಬನೇ ನಕ್ಕಿದ್ದ ಕೂಡ.

ಹನ್ನೆರಡು ನಿಮಿಷದ ವಿಚಾರವನ್ನು ವರದಿಯ ತೊಂಬತ್ತನಾಲ್ಕನೆಯ ಪುಟದ ಅಡಿಯಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಹಾಕಿದ್ದ. ಅಷ್ಟರವರೆಗೆ ಯಾರೂ ಓದುವುದಿಲ್ಲ. ನೂರೆಪ್ಪತ್ತೊಂದು ವಾಹನ ಯಾರಿಗೂ ನೋವಾಗದ ಹಾಗೆ ಇಲ್ಲವಾದವು. ಯಾರಿಗೂ ನೋವಾಗಲಿಲ್ಲ ಎಂದುಕೊಂಡು ಮನೆಗೆ ಹೋಗಿ ಚೆನ್ನಾಗಿಯೇ ಮಲಗಿದ್ದ. ಹೋದ ವಾರ, ವರದಿಯ ಮೇಲೆ ನಗರಸಭೆಗೆ ಬಂದ ಆಕ್ಷೇಪಣೆಗಳ ಕಟ್ಟಿನಲ್ಲಿ ಹಿಂದಿನ ಬೀದಿಯ ನಿವಾಸಿಯೊಬ್ಬರ ಎಣಿಕೆ ಪುಸ್ತಕ ಎಂದು ಒಂದು ನಕಲು ಬಂತು. ನಾಲ್ಕು ನೆಟ್ಟ ಗೆರೆ, ಐದನೆಯದು ಅಡ್ಡ. ಕಟ್ಟಿನ ಪಕ್ಕ ಕಟ್ಟು, ಸಾಲಿನ ಕೆಳಗೆ ಸಾಲು. ಹೆಸರು ನೋಡುವ ಮೊದಲೇ ಅದು ಯಾರ ಕೈ ಎಂದು ತಿಳಿಯಿತು. ಐದನೆಯ ಗೆರೆಯನ್ನು ಕೆಳಗಿನಿಂದ ಮೇಲಕ್ಕೆ ಎಳೆಯುವವರು ಲೋಕದಲ್ಲಿ ಇನ್ನೊಬ್ಬರಿಲ್ಲ, ಅವನನ್ನು ಬಿಟ್ಟರೆ. ಅವನಿಗೆ ಕಲಿಸಿದವಳೂ ಅವಳೇ. ಹಿಂದಿನ ಗೇಟು, ಎಂಟರಿಂದ ಒಂಬತ್ತು, ಐದು ದಿನದ ಸರಾಸರಿ: ಐನೂರ ಮೂವತ್ತೆಂಟು. ಅದೇ ಗೇಟಿನಲ್ಲಿ ಅವನ ಕೊಳವೆ ಎಣಿಸಿದ್ದು ಐನೂರ ಮೂವತ್ತಾರು. ವರದಿಯಲ್ಲಿ ಕಳೆದು ಉಳಿಸಿದ್ದು ಮುನ್ನೂರ ಎಂಬತ್ತೊಂಬತ್ತು.

ಕೊಳವೆಗೂ ಅವಳಿಗೂ ಎರಡೇ ವ್ಯತ್ಯಾಸ. ಅದೂ ಕೊಳವೆಯದೇ ತಪ್ಪಿರಬೇಕು. ಅಕ್ಕ ಅಂಗಿಯ ಗುಂಡಿ ಮಾಡುವ ಕಾರ್ಖಾನೆಯ ಪೊಟ್ಟಣ ಕಟ್ಟುವ ವಿಭಾಗದಲ್ಲಿ ಇಪ್ಪತ್ತಾರು ವರ್ಷ ಗುಂಡಿ ಎಣಿಸಿದವಳು. ಪೊಟ್ಟಣಕ್ಕೆ ನೂರ ನಲವತ್ತನಾಲ್ಕು. ಮಾತಾಡುತ್ತ ಎಣಿಸುತ್ತಿದ್ದಳು, ಒಲೆಯ ಕಡೆ ಕಣ್ಣಿಟ್ಟು ಎಣಿಸುತ್ತಿದ್ದಳು, ಅವನ ಮಗ್ಗಿ ಒಪ್ಪಿಸಿಕೊಳ್ಳುತ್ತ, ಏಳು ಒಂಬತ್ಲಿ ಎಂದು ಅವನು ತಡವರಿಸಿದಾಗ ಅರವತ್ತಮೂರು ಎಂದು ತಿದ್ದುತ್ತ, ತನ್ನ ಎಣಿಕೆ ಮಾತ್ರ ತಪ್ಪುತ್ತಿರಲಿಲ್ಲ. ಬೆರಳ ತುದಿಯಲ್ಲಿ ಗುಂಡಿಗಳು ನೀರಿನಂತೆ ಜಾರುತ್ತಿದ್ದವು. ಕೆಲಸ ಹೆಚ್ಚಿದ ದಿನ ಮನೆಗೂ ತರುತ್ತಿದ್ದಳು. ಒಮ್ಮೆ, ಅವನಿಗೆ ಹತ್ತು ವರ್ಷವಿರಬೇಕು, ನಾನೂ ಎಣಿಸುತ್ತೇನೆಂದು ಕೂತವನು ಆಟಕ್ಕೆ ಹೋಗುವ ಅವಸರದಲ್ಲಿ ಹತ್ತು ಹನ್ನೆರಡು ಪೊಟ್ಟಣಕ್ಕೆ ಕಣ್ಣಳತೆಯಲ್ಲೇ ಸುರಿದುಬಿಟ್ಟ. ಒಂದರಲ್ಲಿ ನೂರ ಮೂವತ್ತು, ಒಂದರಲ್ಲಿ ನೂರೈವತ್ತು. ನೋಡಲು ಎಲ್ಲ ಒಂದೇ ಹಾಗಿದ್ದವು. ಮರುದಿನ ಊಟದ ಡಬ್ಬಿ ಕೊಡಲು ಹೋದಾಗ ಅಕ್ಕ ಕಾರ್ಖಾನೆಯ ಬಾಗಿಲ ಹೊರಗೆ ನಿಂತಿದ್ದಳು, ಹೋಗಿಬರುವವರೆಲ್ಲ ನೋಡಲಿ ಎಂದು ಮೇಲ್ವಿಚಾರಕ ನಿಲ್ಲಿಸಿದ್ದ. ಪೊಟ್ಟಣ ಕಟ್ಟಿದ್ದು ಯಾರು ಎಂದು ಅವನ ಎದುರಿಗೇ ಇನ್ನೊಮ್ಮೆ ಕೇಳಿದರು. "ನಂದೇ. ಕೈ ತಪ್ಪಿರಬೇಕು" ಎಂದಳು. ಮನೆಗೆ ಬಂದಮೇಲಾದರೂ ಎರಡು ಬಿಗಿಯುತ್ತಾಳೆಂದು ಅವನು ಕಾದ. ಅವಳು ಬಯ್ಯಲಿಲ್ಲ. ಬೈದಿದ್ದರೆ ಅದು ಅಂದೇ ಮುಗಿಯುತ್ತಿತ್ತು.

ನಗರಸಭೆಯ ಮೊಗಸಾಲೆಯ ಬೆಂಚಿನ ಮೇಲೆ ಕೂತು, ಮೊಣಕಾಲ ಮೇಲೆ ವರದಿ ಇಟ್ಟುಕೊಂಡು, ಬೈದಿದ್ದರೆ ಮುಗಿಯುತ್ತಿತ್ತು ಎಂದು ಅವನು ಮತ್ತೆ ಅಂದುಕೊಂಡ. ಪಕ್ಕದಲ್ಲಿ ಕಾಲೇಜಿನ ವಕೀಲ ಹಲ್ಲುಕಡ್ಡಿ ಹುಡುಕುತ್ತಿದ್ದ. ಅವನ ಆಚೆ ದೊಡ್ಡವರು. ಎರಡು ವರ್ಷದ ಹಿಂದೆ ಅಕ್ಕ ಕೇಳಿದ್ದಾದರೂ ಏನು? ಮಗಳನ್ನು ಬಿಟ್ಟು ಬರುವಾಗ ಒಂದು ದಿನ ಮೇಲೆ ಹೋಗಿ ಚಹಾ ಕುಡಿಯುತ್ತ ಕೂತಿದ್ದ. "ನೀನು ಆ ರಸ್ತೆ ಇಲಾಖೆ ಮಂದಿ ಜೊತೆ ಓಡಾಡ್ತೀಯಲ್ಲೋ. ಈ ಬೀದೀಲಿ ದಾಟೋಕೆ ನಾಲ್ಕು ಬಿಳಿ ಪಟ್ಟೆ ಬಳಿಸು ಅಂತ ಹೇಳು. ಮಂಡಿ ಹಿಡ್ಕೊಂಡು ನಿಂತೇ ಇರ್ತೀನಿ, ಒಬ್ಬನೂ ನಿಲ್ಲಿಸಲ್ಲ." ಆಗಲಿ ಅಕ್ಕ, ನಾಳೆಯೇ ಹೇಳ್ತೀನಿ ಎಂದಿದ್ದ. ಹೇಳಲಿಲ್ಲ. ಹೇಳಿದರೆ ನಿಮಗೇನು ಆ ಬೀದಿಯ ಮೇಲೆ ಅಷ್ಟು ಕಾಳಜಿ ಎಂದು ಕೇಳುತ್ತಾರೆ. ಗಣತಿ ಮಾಡುವವರು ವರ್ಷವರ್ಷ ತುಂಬುವ ನಮೂನೆಯಲ್ಲಿ 'ಸುತ್ತಲಿನ ಬೀದಿಗಳಲ್ಲಿ ಬಂಧುಗಳಿದ್ದಾರೆಯೇ' ಎಂಬ ಪ್ರಶ್ನೆಗೆ ಅವನು 'ಇಲ್ಲ' ಎಂದು ಬರೆದಿದ್ದ. ಮೊದಲ ವರ್ಷ ಸೋಮಾರಿತನಕ್ಕೆ ಬರೆದದ್ದು, ಆಮೇಲೆ ಹೋದ ವರ್ಷದ್ದನ್ನು ನೋಡಿ ಬರೆದದ್ದು. ಒಂದು ವಾರ ಬಿಟ್ಟು ಹೋದಾಗ ಅಕ್ಕ ಕೇಳಿದಳು, ಹೇಳಿದ್ಯಾ? ನಾಳೆ ಎಂದ. ಮತ್ತೊಂದು ವಾರಕ್ಕೆ ಕೇಳಲಿಲ್ಲ, ಅವನೇ ನಾಳೆ ಎಂದ. ಅದರ ನಂತರ ಮೆಟ್ಟಿಲು ಹತ್ತಲಾಗಲಿಲ್ಲ. ಹದಿನೆಂಟು ಮೆಟ್ಟಿಲು. ಜಗಳವಾಡಿದ್ದರೆ ರಾಜಿಯಾಗಬಹುದಿತ್ತು. ನಾಲ್ಕು ಪಟ್ಟೆ ಬಣ್ಣದ ನಾಚಿಕೆಗೆ ರಾಜಿ ಎಲ್ಲಿಂದ ತರುವುದು?

ಅಷ್ಟರಲ್ಲಿ ಅವಳು ಬಂದಳು. ಕೋಲು ಹೊಸದು. ದರ್ಜಿ ಜೊತೆಗಿದ್ದ, ಅವಳ ಕೈಚೀಲ ಹಿಡಿದಿದ್ದ. ಅವನ ಎದುರಿಗೇ ಹಾದುಹೋದಳು. ಕಣ್ಣು ಒಮ್ಮೆ ಅವನ ಮೇಲೆ ಬಂತು, ಬೆಂಚಿನ ಮೇಲೆ, ವಕೀಲನ ಮೇಲೆ, ಗೋಡೆಯ ಗಡಿಯಾರದ ಮೇಲೆ ಬಂದ ಹಾಗೆಯೇ. ಅಷ್ಟು ನಾಜೂಕಾಗಿ ಅಪರಿಚಿತಳಾಗಲು ಅವಳಿಗೆ ಯಾರು ಹೇಳಿಕೊಟ್ಟರು? ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡವನ ಹಾಗೆ ಅವನು ಕೊರಳಪಟ್ಟಿ ಸರಿಮಾಡಿಕೊಂಡ. "ಇವರೇ ಅಲ್ವಾ ಗೆರೆ ಎಳೆಯೋ ಅಜ್ಜಿ?" ವಕೀಲ ಕೇಳಿದ. ಅವನು "ಇರಬೇಕು" ಎಂದ.

ಸಭೆಯ ಅಧಿಕಾರಿಗೆ ನೆಗಡಿಯಾಗಿತ್ತು. ನಡುವಯಸ್ಸಿನ ಹೆಂಗಸು, ಪ್ರತಿ ಮಾತಿಗೂ ಮೊದಲು ಕರ್ಚೀಫು ಮೂಗಿಗೆ ಹೋಗುತ್ತಿತ್ತು, ಕೆಂಪಾದ ಕಣ್ಣು ಮಾತ್ರ ಎಲ್ಲವನ್ನೂ ನೋಡುತ್ತಿತ್ತು. ಅವನು ಹತ್ತು ನಿಮಿಷ ವರದಿ ಓದಿದ. ತನ್ನ ದನಿ ಕೇಳಲು ಅವನಿಗೆ ಇಷ್ಟವಾಗುತ್ತಿತ್ತು, ಸಂಖ್ಯೆ ಹೇಳುವಾಗ ಅದಕ್ಕೊಂದು ತೂಕ ಬರುತ್ತಿತ್ತು. ಸಾವಿರದ ನೂರ ನಲವತ್ತೊಂದು ಎಂದಾಗ ದೊಡ್ಡವರು ತಲೆಯಾಡಿಸಿದರು, ಹಾಡಿನಲ್ಲಿ ಇಷ್ಟವಾದ ಸಾಲು ಬಂದ ಹಾಗೆ. ಆಮೇಲೆ ಅಧಿಕಾರಿ ಅಕ್ಕನನ್ನು ಕರೆದರು. ಎದ್ದು ನಿಲ್ಲಬೇಡಿ, ಕೂತೇ ಹೇಳಿ ಎಂದರೂ ಅವಳು ಎದ್ದಳು.

"ನಾನು ಕಾಲೇಜಿನ ಮೇಲೆ ದೂರು ಹೇಳೋಕೆ ಬಂದಿಲ್ಲ ಮೇಡಂ. ನಂಗೆ ಆ ಕಡೆ ಬಸ್ಸು, ಈ ಕಡೆ ಮನೆ. ಬೆಳಗ್ಗೆ ಒಂಬತ್ತಾಗೋ ತನಕ ದಾಟೋಕಾಗಲ್ಲ. ಗಂಟೆಗೆ ಐನೂರು ಗಾಡಿ ಓಡಾಡೋ ಬೀದಿಗೆ ಪಟ್ಟೆ ಹಾಕಿ ದೀಪ ಇಡ್ತಾರೆ ಅಂತ ನಮ್ಮ ದರ್ಜಿ ಹೇಳಿದ್ರು. ನನ್ನ ಹತ್ರ ಐನೂರ ಮೂವತ್ತೆಂಟಿದೆ. ಅದಕ್ಕೆ ಪುಸ್ತಕ ಕೊಟ್ಟೆ, ಅಷ್ಟೇ."

ಅಧಿಕಾರಿ ಮೂಗು ಒರೆಸಿಕೊಂಡು ವರದಿ ತಿರುವಿದರು. "ಇಲ್ಲಿ ಮುನ್ನೂರ ಎಂಬತ್ತೊಂಬತ್ತು ಅಂತಿದೆಯಲ್ಲಮ್ಮಾ."

"ಅದು ಹ್ಯಾಗೆ ಮೇಡಂ? ಒಂದೊಂದಕ್ಕೂ ಗೆರೆ ಎಳೆದಿದೀನಿ."

"ನೂರ ನಲವತ್ತೊಂಬತ್ತು ವ್ಯತ್ಯಾಸ." ಅಧಿಕಾರಿಯ ಕೆಂಪು ಕಣ್ಣು ಅವನ ಕಡೆ ತಿರುಗಿತು. "ಯಾಕೆ, ನೀವೇ ಹೇಳಿ."

ಉತ್ತರ ಎರಡು ವಾಕ್ಯದ್ದು. ಅವರು ಬಂದದ್ದನ್ನೆಲ್ಲ ಎಣಿಸಿದ್ದಾರೆ; ನಾವು ಹಾದುಹೋಗುವವರನ್ನು ಕಳೆದಿದ್ದೇವೆ. ಆ ಎರಡು ವಾಕ್ಯ ಹೇಳಿದರೆ ಅಕ್ಕನಿಗೆ ಪಟ್ಟೆ ಸಿಗುತ್ತಿತ್ತು, ಯಾಕೆಂದರೆ ಹಾದುಹೋಗುವ ಗಾಡಿ ಮುದುಕಿಗೆ ಬಡಿಯುವುದಿಲ್ಲ ಎಂದು ಯಾವ ನಿಯಮದಲ್ಲೂ ಇರಲಿಲ್ಲ. ಆದರೆ ಮೂರನೆಯ ವಾಕ್ಯ ಅಧಿಕಾರಿಯದಾಗುತ್ತಿತ್ತು: ಹಾದುಹೋಗುವವರು ಎಂದರೆ ಯಾರು? ಎಷ್ಟು ನಿಮಿಷ? ಹೋದ ವರ್ಷ ಎಂಟಿತ್ತಲ್ಲ? ತೊಂಬತ್ತನಾಲ್ಕನೆಯ ಪುಟ ತೆರೆಯುತ್ತಿತ್ತು, ವಿಜ್ಞಾನ ಕಟ್ಟಡ ಗೋಡೆಯ ಚೌಕಟ್ಟಿನಲ್ಲೇ ಉಳಿಯುತ್ತಿತ್ತು, ದೊಡ್ಡವರು ಬೆಲ್ಲ ಉಗುಳಿ ನಾನು ಹಾಗೆ ಹೇಳೇ ಇಲ್ಲ ಎನ್ನುತ್ತಿದ್ದರು. ಅದು ನಿಜವೂ ಹೌದು, ಅವರು ಹೇಳಿರಲಿಲ್ಲ. ಕೆಲಸ ಹೋಗುತ್ತಿದ್ದದ್ದು ಅವನದು. ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ವಾಹನ ಎಣಿಸುವುದೊಂದನ್ನೇ ಬಲ್ಲವನನ್ನು, ಅದರಲ್ಲೂ ಸುಳ್ಳು ಎಣಿಸಿದವನನ್ನು, ಇನ್ನು ಯಾರು ಕರೆಯುತ್ತಾರೆ? ವಕೀಲ ಪುಸ್ತಕದ ನಕಲನ್ನು ಅವನ ಮುಂದೆ ತಳ್ಳಿ ಪಿಸುಗುಟ್ಟಿದ. "ಆ ಸೊನ್ನೆಗಳನ್ನ ಹಿಡ್ಕೊಳ್ಳಿ."

ಯಾವ ಸೊನ್ನೆ? ಅವನು ನೋಡಿರಲಿಲ್ಲ. ಬಾಯಿ ಮಾತ್ರ ಆಗಲೇ ಕೆಲಸ ಶುರುಮಾಡಿತ್ತು.

"ಅಮ್ಮಾ, ನೀವು ಗಣತಿಯ ತರಬೇತಿ ಏನಾದರೂ ಪಡೆದಿದ್ದೀರಾ?"

ಹುಟ್ಟಿದಾರಭ್ಯ ಅವಳನ್ನು ಅವನು ನೀವು ಎಂದಿರಲಿಲ್ಲ. ಅವಳು ಒಂದು ಗಳಿಗೆ ಕೋಲಿನ ಮೇಲೆ ಕೈ ಬದಲಿಸಿದಳು.

"ಇಲ್ಲ ಸಾರ್."

"ಬೀದಿಯ ಇನ್ನೊಂದು ಕಡೆಗೆ ಹೋಗುವ ಗಾಡಿಗಳೂ ನಿಮ್ಮ ಲೆಕ್ಕದಲ್ಲಿ ಸೇರಿರಬಹುದಲ್ಲವೇ?"

"ಗೇಟಿನೊಳಗೆ ಹೋದವನ್ನ ಮಾತ್ರ ಬರೆದಿದೀನಿ ಸಾರ್."

"ನಿಮಗೆ ವಯಸ್ಸೆಷ್ಟು?"

"ಅರವತ್ತಾರು." ಅದು ಅವನಿಗೆ ಗೊತ್ತಿಲ್ಲವೇ ಎಂಬ ಅಚ್ಚರಿ ಅವಳ ಮುಖದಲ್ಲಿ ಬಂದು, ಬಂದಷ್ಟೇ ಬೇಗ ಅಡಗಿತು.

ಅವನು ನಕಲನ್ನು ಕೈಗೆತ್ತಿಕೊಂಡ. ಸಂಖ್ಯೆ ಹೇಳುವಾಗಿನ ತೂಕ ದನಿಗೆ ಬಂದಿತ್ತು. "ಅಧಿಕಾರಿಗಳು ಗಮನಿಸಬೇಕು. ಪುಟವನ್ನು ಐದೈದು ನಿಮಿಷದ ಸಾಲಾಗಿ ಹಾಕಿದ್ದಾರೆ, ಅದು ಸರಿ. ಆದರೆ ಪ್ರತಿ ಪುಟದಲ್ಲಿ ಒಂದು ಗೆರೆಗೆ, ಒಂದೇ ಒಂದು ಗೆರೆಗೆ, ಸುತ್ತಲೂ ಸೊನ್ನೆ ಎಳೆದಿದ್ದಾರೆ. ಕಾರಣ ಎಲ್ಲೂ ಬರೆದಿಲ್ಲ. ಸೋಮವಾರ, ಎಂಟು ಹತ್ತರ ಸಾಲಿನಲ್ಲಿ ಒಂದು. ಮಂಗಳವಾರ, ಅದೇ ಎಂಟು ಹತ್ತರ ಸಾಲಿನಲ್ಲಿ. ಬುಧವಾರ..." ಬುಧವಾರ ಸೊನ್ನೆ ಇರಲಿಲ್ಲ. ಎಂಟು ಹತ್ತರ ಸಾಲಿನ ಪಕ್ಕ ಬರೀ ಒಂದು ಚುಕ್ಕಿ ಇತ್ತು, ಪೆನ್ಸಿಲ್ ಮೊನೆಯನ್ನು ಅಲ್ಲಲ್ಲೇ ಊರಿ ಊರಿ ದಪ್ಪವಾದ ಚುಕ್ಕಿ, ಯಾರಾದರೂ ಬರುತ್ತಾರೆಂದು ಕಾಯುವ ಕೈ ಹಾಕುವಂಥದು. ಎಂಟು ಹದಿನೈದರ ಪಕ್ಕದಲ್ಲೂ ಇತ್ತು. ಎಂಟು ಇಪ್ಪತ್ತರ ಪಕ್ಕದಲ್ಲೂ. ಗುರುವಾರ ಮತ್ತೆ ಸೊನ್ನೆ, ಶುಕ್ರವಾರ ಸೊನ್ನೆ. ಅವನಿಗೆ ಗ್ಯಾರೇಜಿನ ಎಣ್ಣೆಯ ವಾಸನೆ ಬಂತು. ತನ್ನ ನಂಬರಿನ ಮೇಲೆ ಎಳೆದ ನಾಲ್ಕು ಕೆಂಪು ಗೆರೆ ಕಣ್ಣ ಮುಂದೆ ಬಂತು. ತಾನು ಯಾವುದನ್ನು ಕಳೆದುಹಾಕಿದ್ದನೋ ಅದಕ್ಕೇ ಅವಳು ಸುತ್ತು ಹಾಕಿ ಇಟ್ಟುಕೊಂಡಿದ್ದಳು. ಐನೂರ ಮೂವತ್ತೇಳು ಗಾಡಿಗಳು ಸುಮ್ಮನೆ ಜೊತೆಗೆ ಬಂದವು. ಅವಳು ಪುಸ್ತಕ ಹಿಡಿದು ಕೂತದ್ದು ಒಂದಕ್ಕೆ. ಮೇಲಕ್ಕೆ ನೋಡದ ಒಬ್ಬನಿಗೆ. ತಿಳಿಯಿತು, ಪೂರ್ತಿ ತಿಳಿಯಿತು, ವಾಕ್ಯದ ನಡುವೆಯೇ ತಿಳಿಯಿತು. ವಾಕ್ಯವನ್ನು ಅಲ್ಲಿಗೇ ಬಿಡಬಹುದಿತ್ತು. ಗಂಟಲು ಕೆಟ್ಟಿದೆ ಎನ್ನಬಹುದಿತ್ತು, ನೀರು ಕೇಳಬಹುದಿತ್ತು. ಎಲ್ಲರೂ ಅವನನ್ನೇ ನೋಡುತ್ತಿದ್ದರು.

"ಬುಧವಾರ ಅದೂ ಇಲ್ಲ" ಎಂದು ಅವನು ಮುಗಿಸಿದ. "ಮನಸ್ಸಿಗೆ ಬಂದಾಗ ಹಾಕಿದ್ದಾರೆ, ಬರದಾಗ ಬಿಟ್ಟಿದ್ದಾರೆ. ಇದನ್ನು ಎಣಿಕೆ ಅನ್ನೋಕಾಗಲ್ಲ. ಹೊತ್ತು ಹೋಗದವರು ಗೀಚಿದ ಗೆರೆ."

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಅಧಿಕಾರಿ ನಗಲಿಲ್ಲ. "ಏನಮ್ಮಾ ಈ ಸೊನ್ನೆ? ಹೇಳಿ, ಹೆದರಬೇಡಿ. ಕಾರಣ ಇದ್ದರೆ ನಾನು ಬರ್ಕೊಳ್ತೀನಿ."

ಅಕ್ಕ ಅವನನ್ನು ನೋಡಿದಳು. ಬೆಂಚನ್ನು ನೋಡಿದ ಹಾಗಲ್ಲ. ಒಂದು ಮಾತು ಸಾಕಿತ್ತು. ಅದು ನನ್ನ ತಮ್ಮನ ಗಾಡಿ ಎಂದರೆ ನಮೂನೆಯ 'ಇಲ್ಲ' ಸುಳ್ಳಾಗಿ, ವರದಿ ಕಸವಾಗಿ, ಪಟ್ಟೆ, ದೀಪ ಎಲ್ಲ ಅವಳದಾಗುತ್ತಿತ್ತು. ಅನ್ನಲಿ ಎಂದು ಅವನ ಒಳಗೆ ಏನೋ ಬೇಡಿಕೊಂಡಿತು. ಈ ಸಲವಾದರೂ ಎಲ್ಲರೆದುರು ಕೆನ್ನೆಗೆ ಹೊಡೆದ ಹಾಗೆ ಅಂದುಬಿಡಲಿ, ಇಲ್ಲಿಗೆ ಮುಗಿಯಲಿ.

"ಏನಿಲ್ಲ ಮೇಡಂ" ಎಂದಳು. "ಕೈ ತಪ್ಪಿರಬೇಕು. ಆ ಪುಸ್ತಕ ಬೇಡ ಬಿಡಿ, ಹೊಡೆದುಹಾಕಿ."

ದರ್ಜಿ ಎದ್ದು ನಿಂತು ಏನೋ ಹೇಳಲು ಹೋದ. ಅವಳು ಅವನ ತೋಳು ಹಿಡಿದು ಕೂರಿಸಿದಳು. ಅಧಿಕಾರಿ ಬರೆದುಕೊಂಡರು: ಆಕ್ಷೇಪಣೆ ಹಿಂತೆಗೆದುಕೊಳ್ಳಲಾಗಿದೆ, ಹಿಂದಿನ ಬೀದಿ, ಮುನ್ನೂರ ಎಂಬತ್ತೊಂಬತ್ತು, ದಾಟುಪಟ್ಟೆಗೆ ಅರ್ಹವಲ್ಲ. ಆಮೇಲೆ ಒಂದು ದೊಡ್ಡ ಸೀನು ಬಂತು, ಸಭೆ ಮುಗಿಯಿತು.

ಹೊರಗೆ ದೊಡ್ಡವರು ಅವನ ಬೆನ್ನು ತಟ್ಟಿದರು. "ಹೊತ್ತು ಹೋಗದವರು ಗೀಚಿದ ಗೆರೆ! ಎಂಥ ಮಾತ್ರೀ ಅದು. ನಾನು ಬರೆದಿಟ್ಕೋತೀನಿ." ವಕೀಲ ಕೈ ಕುಲುಕಿದ. ಅವರಿಬ್ಬರೂ ಊಟಕ್ಕೆಲ್ಲಿ ಹೋಗುವುದು ಎಂದು ಮಾತಾಡಿಕೊಳ್ಳುತ್ತಿದ್ದಾಗ ಅವನು ಮೆಟ್ಟಿಲ ಕಂಬಿಯ ಹತ್ತಿರ ನಿಂತಿದ್ದ. ಅಕ್ಕ ಇಳಿಯುತ್ತ ಬಂದಳು, ಒಂದು ಮೆಟ್ಟಿಲ ಮೇಲೆ ಎರಡೂ ಕಾಲು ಇಟ್ಟು, ನಿಂತು, ಮುಂದಿನದಕ್ಕೆ ಕೋಲು ಊರಿ. ದರ್ಜಿ ಸ್ಕೂಟರು ತರಲು ಮುಂದೆ ಓಡಿದ್ದ. ಕೈ ಹಿಡಿಯಬೇಕು ಎಂದುಕೊಂಡ. ಹಿಡಿಯುವ ಕೈಯಲ್ಲಿ ಕಡತವಿತ್ತು. ಅವನ ಪಕ್ಕಕ್ಕೆ ಬಂದಾಗ ಅವಳು ನಿಂತಳು, ಮಂಡಿಗೆ ಸುಧಾರಿಸಿಕೊಳ್ಳಲು ನಿಂತವಳ ಹಾಗೆ, ಕೆಳಗಿನ ಮೆಟ್ಟಿಲನ್ನೇ ನೋಡುತ್ತ ಮೆಲ್ಲಗೆ ಹೇಳಿದಳು.

"ಆ ಕಾರಿನ ಕನ್ನಡಿ ಸಡಿಲ ಆಗಿದ್ಯೇನೋ? ದಿನಾ ತಿರುಗಿಸ್ತಾನೇ ಇರ್ತೀಯ. ಸರಿ ಮಾಡಿಸ್ಕೋ."

ಅಷ್ಟು ಹೇಳಿ ಮುಂದಿನ ಮೆಟ್ಟಿಲು ಇಳಿದಳು. ಚುಚ್ಚಿದಳೋ, ನಿಜವಾಗಿಯೂ ಕನ್ನಡಿ ಕೆಟ್ಟಿದೆಯೆಂದು ಎರಡು ವರ್ಷ ನಂಬಿಕೊಂಡಿದ್ದಳೋ? ಚುಚ್ಚಿದ್ದರೆ ಒಳ್ಳೆಯದಿತ್ತು. ಅವಳನ್ನು ಬಲ್ಲ ಅವನಿಗೆ, ನಂಬಿಯೇ ಇದ್ದಳೇನೋ ಎಂಬ ಅನುಮಾನ ರಾತ್ರಿಯ ಊಟದಲ್ಲೂ ಹಲ್ಲಿನ ಸಂದಿಯ ನಾರಿನ ಹಾಗೆ ಸಿಕ್ಕಿಕೊಂಡಿತ್ತು. ಕೊಟ್ಟ ವರದಿ ತಿದ್ದಲು ಇನ್ನೂ ಹತ್ತು ದಿನ ಅವಕಾಶವಿದೆ ಎಂದು ನಿಯಮವಿತ್ತು. ನಾಳೆ ಒಂದು ಕಾಗದ ಬರೆಯಬೇಕು ಎಂದುಕೊಂಡ. ನಾಳೆ ಎಂಬ ಶಬ್ದ ಮನಸ್ಸಿನಲ್ಲಿ ಬಂದದ್ದೇ ಅದು ಆಗದು ಎಂದು ಅವನಿಗೆ ಗೊತ್ತಾಯಿತು.

ಮರುದಿನ ಬೆಳಗ್ಗೆ ದರ್ಜಿಯ ಅಂಗಡಿ ಬಂದಾಗ ಅವನು ಕನ್ನಡಿ ಮುಟ್ಟಲಿಲ್ಲ. ಎರಡು ವರ್ಷದಲ್ಲಿ ಮೊದಲ ಸಲ ತಲೆಯೆತ್ತಿ ನೋಡಿದ. ಬಾಲ್ಕನಿಯಲ್ಲಿ ಕುರ್ಚಿ ಗೋಡೆಗೆ ಮುಖ ಮಾಡಿತ್ತು, ಅದರ ಮೇಲೆ ಒಂದು ಒದ್ದೆ ಬಟ್ಟೆ ಹರಡಿತ್ತು.

"ಅಪ್ಪಾ, ಅತ್ತೆ ಅಲ್ಲಿ!" ಮಗಳು ಕೆಳಗೆ ತೋರಿಸಿದಳು.

ರಸ್ತೆಯ ಅಂಚಿನಲ್ಲಿ, ಚರಂಡಿ ಕಲ್ಲಿನ ಮೇಲೆ ಅವಳು ಕೋಲು, ಕೈಚೀಲ ಹಿಡಿದು ನಿಂತಿದ್ದಳು. ಈ ಹೊತ್ತಿಗೆ ಗೆರೆ ಎಳೆಯುವ ಕೆಲಸ ಅವಳಿಗೆ ಇನ್ನಿರಲಿಲ್ಲ, ದಾಟಲು ಹೊರಟಿದ್ದಳು. ಅವನು ಬ್ರೇಕು ಒತ್ತಿದ. ಕಾರು ಅವಳಿಗಿಂತ ಎರಡು ಮಾರು ಹಿಂದೆ ನಿಂತಿತು. ಹಿಂದಿನವನು ಹಾರನ್ ಬಾರಿಸಿದ, ಅವನ ಹಿಂದಿನವನೂ ಬಾರಿಸಿದ. ಎದುರಿನ ಕಡೆಯಿಂದ ಬರುವ ಗಾಡಿಗಳು ನಿಂತಿರಲಿಲ್ಲ. ಅಕ್ಕ ಎದುರಿನ ಕಡೆ ನೋಡಿದಳು, ನಿಂತ ಕಾರಿನ ಕಡೆ ನೋಡಿದಳು. ಗಾಜಿನ ಮೇಲೆ ಬಿಸಿಲಿತ್ತು, ಅವನ ಮುಖ ಕಂಡಿತೋ ಇಲ್ಲವೋ. ಮಗಳು ಜೋರಾಗಿ ಕೈ ಬೀಸುತ್ತಿದ್ದಳು. ಅಕ್ಕ ಕೋಲು ಹಿಡಿದ ಕೈಯನ್ನೇ ಒಂದಿಷ್ಟು ಎತ್ತಿ, ಯಾವ ಗಾಡಿಯವನಿಗಾದರೂ ಮಾಡುವ ಹಾಗೆ, ಹೋಗಿ ಹೋಗಿ ಎಂದು ಸನ್ನೆ ಮಾಡಿದಳು.

ಹಾರನ್ ನಿಲ್ಲಲಿಲ್ಲ. ಅವನು ಹೋದ. ಕನ್ನಡಿಯಲ್ಲಿ ಅವಳು ಇನ್ನೂ ಕಲ್ಲಿನ ಮೇಲೆಯೇ ನಿಂತಿದ್ದಳು. ಅವಳ ಮುಂದೆ ಒಂದು ವ್ಯಾನು, ಎರಡು ಕಾರು, ಒಂದು ಸ್ಕೂಟರು ಹೋದವು. ನಾಲ್ಕು ನೆಟ್ಟ ಗೆರೆ. ಐದನೆಯದು ಬರುವಷ್ಟರಲ್ಲಿ ಗೇಟಿನ ತಿರುವು ಬಂತು. ಕೊಳವೆಯ ಮೇಲೆ ಗಾಲಿಗಳು ಹತ್ತಿ ಇಳಿದವು. ಗ್ರಂಥಾಲಯದ ಎದುರು ಇಳಿಯುವಾಗ ಮಗಳು, "ಇಳಿದು ದಾಟಿಸಬಹುದಿತ್ತಲ್ಲಪ್ಪಾ" ಎಂದು ಬಾಗಿಲು ಹಾಕಿಕೊಂಡು ಹೋದಳು. ಅವನು ದೊಡ್ಡ ರಸ್ತೆಯ ಗೇಟಿಗೆ ಬಂದು ಅಭ್ಯಾಸಬಲದಿಂದ ಗಡಿಯಾರ ನೋಡಿದ. ಎಂಟು ಹತ್ತೊಂಬತ್ತು. ಆರು ನಿಮಿಷವಾಗಿತ್ತು. ಹನ್ನೆರಡರಲ್ಲಿ ಇನ್ನೂ ಆರು ಉಳಿದಿತ್ತು, ಎರಡು ವರ್ಷದಿಂದ ದಿನಾ ಉಳಿಯುತ್ತಿತ್ತು. ಅಕ್ಕನ ಮನೆಯ ಹದಿನೆಂಟು ಮೆಟ್ಟಿಲಿಗೆ ಒಂದು ನಿಮಿಷ ಸಾಕು. ಅವನು ಸೂಚನೆಯ ದೀಪ ಹಾಕಿ, ಎಡಕ್ಕೆ ತಿರುಗಿಸಿ, ಕಚೇರಿಯ ದಾರಿ ಹಿಡಿದ.